ಮೈಡರಿಖ್‌ನ ಕುಲುಮೆಗಳು

ಪಶ್ಚಿಮ ಜರ್ಮನಿಯಲ್ಲಿ ರೂರ್ ನದಿಯು ರೈನ್ ಮಹಾನದಿಯನ್ನು ಕೂಡುವೆಡೆ ಡ್ಯೂಸ್‌ಬರ್ಗ್ ನಗರವಿದೆ. ನೆಲದಡಿಯ ಕಲ್ಲಿದ್ದಲೂ ಜಲಮಾರ್ಗದ ಸೌಕರ್ಯವೂ ಒಂದೆಡೆ ದೊರೆತುದರಿಂದ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಸುತ್ತಣ ಬೇಸಾಯದ ಸೀಮೆ ಹೊಗೆಗೊಳವೆಗಳ ಸೀಮೆಯಾಗಿ ಮಾರ್ಪಟ್ಟಿತು. ಆಗಸ್ಟ್ ಟಿಸ್ಸೆನ್ ಎಂಬ ಉದ್ಯಮಪತಿ 1901ರಲ್ಲಿ ನಗರದ ಉತ್ತರಕ್ಕಿರುವ ಮೈಡರಿಖ್‌ನಲ್ಲಿ, ತನ್ನ ಗಣಿಗಳ ಮಗ್ಗುಲಲ್ಲಿಯೇ, ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದನು. 1903ರಲ್ಲಿ ಅಲ್ಲಿಯ ಊದುಕುಲುಮೆಗಳು ಹೊತ್ತಿಕೊಂಡುವು.

ಊದುಕುಲುಮೆಯ ಕ್ರಮವನ್ನು ತುಸುವಾದರೂ ಅರಿಯದೆ ಈ ಸ್ಥಳದ ಉತ್ತರಚರಿತ್ರೆ ತಿಳಿಯದು. ಅದಿರು, ಕೋಕು, ಸುಣ್ಣಕಲ್ಲುಗಳನ್ನು ದಪ್ಪಗೋಡೆಯ ಉಗ್ರಾಣಗಳಲ್ಲಿ ಕೂಡಿಟ್ಟು, ಕುಲುಮೆಯ ಶಿರೋಭಾಗಕ್ಕೆ ಏರಿಸಿ ಸುರಿಯುವರು. ಬುಡದಿಂದ ಕಾದ ಗಾಳಿಯನ್ನು ಊದುವರು. ಕರಗಿದ ಲೋಹವೂ ಅದರ ಮೇಲೆ ತೇಲುವ ಕಿಟ್ಟವೂ ಬುಡದಲ್ಲಿ ಬೇರೆ ಬೇರೆಯಾಗಿ ಹೊರಬೀಳುವುವು. ಮೇಲೆದ್ದ ಅನಿಲವನ್ನೂ ಪೋಲಾಗಗೊಡದೆ ಹಿಡಿದು, ಶೋಧಿಸಿ, ಊದುಗಾಳಿಯನ್ನು ಕಾಯಿಸುವುದಕ್ಕೂ ಯಂತ್ರಗಳನ್ನು ನಡೆಸುವುದಕ್ಕೂ ಬಳಸುತ್ತಿದ್ದುದರಿಂದ, ಕುಲುಮೆಗಳ ಸುತ್ತ ಬೃಹತ್ತಾದ ಕೊಳವೆಗಳೂ ಅನಿಲಸಂಗ್ರಹದ ತೊಟ್ಟಿಯೂ ಯಂತ್ರಶಾಲೆಗಳೂ ಬೆಳೆದುವು. ಎರಡು ಮಹಾಯುದ್ಧಗಳನ್ನು ಹಾದುಬಂದ ಈ ಕಾರ್ಖಾನೆ ತನ್ನ ಆಯುಷ್ಯದಲ್ಲಿ ಸುಮಾರು 3 ಕೋಟಿ 70 ಲಕ್ಷ ಟನ್ ಕಚ್ಚಾ ಕಬ್ಬಿಣವನ್ನು ಕೊಟ್ಟಿತು.

ಯೂರೋಪಿನಲ್ಲಿ ಉಕ್ಕಿನ ಉತ್ಪಾದನಶಕ್ತಿ ಬೇಡಿಕೆಯನ್ನು ಮೀರಿ, ಉತ್ಪಾದನೆಗೆ ಮಿತಿಯನ್ನು ಗೊತ್ತುಪಡಿಸಬೇಕಾಗಿ ಬಂದ ಕಾಲದಲ್ಲಿ, ಅಂದರೆ 1985ರಲ್ಲಿ, ಇಲ್ಲಿಯ ಬೆಂಕಿ ಆರಿತು. ಕೆಲಸವಿಲ್ಲದ ಕಾರ್ಖಾನೆಯನ್ನು ಕೆಡವಿ ನೆಲವನ್ನು ಬರಿದು ಮಾಡುವುದೇ ಅಂದಿನ ರೂಢಿಯಾಗಿದ್ದರೂ, ಊರಿನ ನಾಗರಿಕರು ಸಂಘಟಿತರಾಗಿ ಅದನ್ನು ವಿರೋಧಿಸಿದರು. ಕೆಡವುವುದಕ್ಕೆ ತಗಲುವ ವೆಚ್ಚವೂ ಅವರ ವಾದಕ್ಕೆ ಬಲ ತಂದಿತು. ಅಷ್ಟರಲ್ಲಿ, 1989ರಲ್ಲಿ, ಪ್ರಾಂತೀಯ ಸರ್ಕಾರವು ಈ ಸೀಮೆಯ ಎಮ್‌ಷರ್ ನದಿಯ ಕಣಿವೆಯ ಪುನರುಜ್ಜೀವನಕ್ಕಾಗಿ ಹತ್ತು ವರ್ಷಗಳ ಯೋಜನೆಯೊಂದನ್ನು ಕಾರ್ಲ್ ಗಾನ್ಜರ್ ಅವರ ನಿರ್ದೇಶನದಲ್ಲಿ ಆರಂಭಿಸಿತು. ಅದರ ಅಂಗವಾಗಿ, ಕಾರ್ಖಾನೆಯ ನೆಲವನ್ನು ಉದ್ಯಾನವನ್ನಾಗಿಸಲು ನಡೆದ ಸ್ಪರ್ಧೆಯಲ್ಲಿ ಉದ್ಯಾನಶಿಲ್ಪಿ ಪೀಟರ್ ಲಾಟ್ಸ್ ಅವರ ಕಲ್ಪನೆ ಆಯ್ಕೆಗೊಂಡು, 1994ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು.

ಉದ್ಯಾನವೆಂದೊಡನೆ ನಮಗೆ ಹೊಳೆಯುವ ಹೂವಿನ ಪಾತಿ, ಕಾರಂಜಿ, ಹುಲ್ಲುಹಾಸುಗಳ ಸಿದ್ಧಕ್ರಮವನ್ನು ಬದಿಗಿಟ್ಟು, ಒಂದೊಂದು ಕಟ್ಟಡಕ್ಕೂ ಅದರ ಆಕಾರವೇ ಸೂಚಿಸುವ ಹೊಸ ಪ್ರಯೋಜನವನ್ನು ಕಲ್ಪಿಸಿದುದು ಈ ರಚನೆಯ ವೈಶಿಷ್ಟ್ಯ. ಅದಿರಿನ ಉಗ್ರಾಣಗಳ ಗೋಡೆಗಳಲ್ಲಿ ಪರ್ವತಾರೋಹಿಗಳು ಅಭ್ಯಾಸ ಮಾಡುವರು. ಅನಿಲದ ತೊಟ್ಟಿಯಲ್ಲಿ ನೀರು ತುಂಬಿ, ಹದಿಮೂರು ಮೀಟರು ಆಳದ ಮುಳುಗುಗಾರರ ಕೊಳವನ್ನಾಗಿ ಮಾಡಿದೆ. ಕಬ್ಬಿಣ ಹರಿಯುತ್ತಿದ್ದ ಎರಕಶಾಲೆಯಲ್ಲಿ ನಾಟಕ, ಸಂಗೀತ, ಚಲನಚಿತ್ರಗಳು ನಡೆಯುವುವು. ಎರಕದ ಕೆಲಸದಲ್ಲಿ ಸವೆದ 49 ಕಬ್ಬಿಣದ ಫಲಕಗಳನ್ನು ಚೌಕವಾಗಿ ಹಾಸಿ ಜನ ನೆರೆಯುವ ಅಂಗಳವೊಂದನ್ನು ರಚಿಸಿರುವರು. 1996ರಲ್ಲಿ ಜೊನಾಥನ್ ಪಾರ್ಕ್ ಎಂಬ ಬ್ರಿಟಿಷ್ ಕಲಾವಿದರು ಸಂಯೋಜಿಸಿದ ಬಣ್ಣದ ದೀಪಾಲಂಕಾರ ರಾತ್ರಿಯಲ್ಲಿ ಕುಲುಮೆಗಳನ್ನು ದೂರಕ್ಕೂ ತೋರಿಸುವುದು.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಮಣ್ಣಿನದಾಗಿತ್ತು. ಎಂಟು ದಶಕಗಳ ಕೈಗಾರಿಕೆ ನೆಲದಲ್ಲಿ ವಿಷವನ್ನು ಉಳಿಸಿಹೋಗಿದ್ದಿತು. ಅತಿಯಾಗಿ ಕೆಟ್ಟ ಮಣ್ಣನ್ನು ಅಲ್ಲಿಯ ಕಾಂಕ್ರೀಟ್ ಕೋಶಗಳಲ್ಲಿಯೇ ಮುಚ್ಚಿಟ್ಟರು. ಅಲ್ಪವಾಗಿ ಕೆಟ್ಟುದನ್ನು, ಕಾಲಾಂತರದಲ್ಲಿ ಗಿಡಮರಗಳೂ ಸೂಕ್ಷ್ಮಜೀವಿಗಳೂ ಶುದ್ಧಿಗೊಳಿಸಲೆಂದು, ಇದ್ದಲ್ಲಿಯೇ ಬಿಟ್ಟರು. ಪರದೇಶದ ಅದಿರಿನೊಡನೆ ಬೀಜವಾಗಿ ಬಂದ ಸಸ್ಯಗಳು ಆ ನೆಲದಲ್ಲಿ ಬೇರೂರಿದ್ದುವು. ಅವನ್ನೂ ಕೀಳದೆ ಉಳಿಸಿಕೊಂಡರು. ನೀರಿನ ಕಥೆಯೂ ಇಂತಹುದೇ. ಗಣಿಗಳನ್ನು ತೋಡಿದಂತೆಲ್ಲ ಮೇಲಿನ ನೆಲ ಕುಸಿಯುತ್ತಿದ್ದುದರಿಂದ ನೆಲದಡಿಯ ಕೊಳವೆಗಳು ನಿಲ್ಲಲಾರದೆ, ಎಮ್‌ಷರ್ ನದಿಯನ್ನೇ ತೆರೆದ ಕೊಳಚೆಕಾಲುವೆಯನ್ನಾಗಿ ಬಳಸುತ್ತಿದ್ದರು. ಗಣಿಗಾರಿಕೆ ಉತ್ತರಕ್ಕೆ ಸರಿದು ನೆಲ ಸ್ಥಿರಗೊಂಡ ಬಳಿಕ ಉದ್ಯಾನದೊಳಗಿನ ಹಳೆಯ ಎಮ್‌ಷರ್ ಕಾಲುವೆಯ ಕೊಳಚೆಯನ್ನು ನೆಲದಡಿಗೆ ಇಳಿಸಿ, ಮೇಲಿನ ಪಾತ್ರದಲ್ಲಿ ಮಳೆಯ ನೀರನ್ನು ಹರಿಯಗೊಟ್ಟರು.

ಅರಮನೆ, ಕೋಟೆ, ದೇವಾಲಯಗಳನ್ನು ಪೂರ್ವಿಕರ ಆಸ್ತಿಯೆಂದು ಕಾಯ್ದುಕೊಳ್ಳುವುದು ಲೋಕರೂಢಿ. ಶ್ರಮದ ಸ್ಥಾನಕ್ಕೂ ಆ ಗೌರವ ಸಲ್ಲುವುದೆಂದು ತೋರಿಸಿದುದು ಮೈಡರಿಖ್‌ನ ಹಿರಿಮೆ. ಆದರೆ ಕುಲುಮೆಯ ಮುಂದೆ ಬೆಂದ ಕಾರ್ಮಿಕನ ಬೆವರನ್ನು ಯಾವ ಗೋಡೆಯೂ ಕಾಯ್ದಿಡಲಾರದು. ಕೆಲಸ ಕಳೆದುಕೊಂಡವನಿಗೆ ಉದ್ಯಾನ ಕೆಲಸವನ್ನು ಮರಳಿ ಕೊಡಲಿಲ್ಲವೆಂಬುದೂ ನಿಜ. ಹಾಗಿದ್ದರೂ, ಎಲ್ಲವನ್ನೂ ಕೆಡವಿ ಹಸಿರು ಹೊದಿಸಿದ್ದರೆ, ಅಲ್ಲಿ ದುಡಿದವರ ಸಾಧನೆಯೊಡನೆ ನೆಲಕ್ಕೆ ಆದ ಅಪಚಾರದ ಸಾಕ್ಷ್ಯವೂ ಅಳಿಯುತ್ತಿದ್ದಿತು. ಕಬ್ಬಿಣದ ಲಾಭವನ್ನು ದೇಶವೆಲ್ಲ ಹಂಚಿಕೊಂಡ ಮೇಲೆ, ಅದರ ಋಣವು ಉಳಿದುದು ಎಲ್ಲಿ, ಅದನ್ನು ತೀರಿಸಲು ಎಷ್ಟು ತಲೆಮಾರು ಬೇಕು ಎಂಬುದನ್ನು ವಿಹಾರಕ್ಕೆ ಬಂದವರಿಗೂ ಮರೆಮಾಡದ ಉದ್ಯಾನವೇ ಚರಿತ್ರೆಗೆ ನಿಷ್ಠವಾದ ಉದ್ಯಾನ.