ಶುಕ್ರವಾರದ ಎರಡೂವರೆ ತಾಸು: ಖಾಸಗಿ ಮಸೂದೆಗಳ ಚರಿತ್ರೆ ಮತ್ತು ಧಾರವಾಡದ ಹಳ್ಳಿಸೀಮೆ

ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಮಂತ್ರಿಯಲ್ಲದ ಸದಸ್ಯರು ತಂದು, ಎರಡೂ ಸದನ ದಾಟಿ ಕಾಯಿದೆಯಾದ ಮಸೂದೆಗಳು ಕೇವಲ 14. ಮೊದಲನೆಯದು ವಕ್ಫ್ ಆಸ್ತಿಗಳಿಗೆ ಸಂಬಂಧಿಸಿದ್ದು. ಅದು 1954ರಲ್ಲಿ ಶಾಸನವಾಯಿತು. ಕೊನೆಯದು ಆನಂದ ನಾರಾಯಣ ಮುಲ್ಲಾ ಅವರದು. ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿಯ ವ್ಯಾಪ್ತಿಯನ್ನು ಹಿಗ್ಗಿಸಿದ ಅದು 1970ರಲ್ಲಿ ಜಾರಿಗೆ ಬಂತು. ಆಮೇಲಿನ ಅರ್ಧ ಶತಮಾನದಲ್ಲಿ ಒಂದೂ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಸದಸ್ಯರ ನಿರಾಸಕ್ತಿ: ನಮ್ಮ ಎಂಪಿಗಳು ಓದುವುದಿಲ್ಲ, ಬರೆಯುವುದಿಲ್ಲ, ಶುಕ್ರವಾರ ಮಧ್ಯಾಹ್ನವೇ ಊರಿನ ವಿಮಾನ ಹಿಡಿಯುತ್ತಾರೆ ಎಂಬುದು. ಈ ವಿವರಣೆಯನ್ನು ದಾಖಲೆ ಪೂರ್ತಿ ಒಪ್ಪುವುದಿಲ್ಲ. 17ನೇ ಲೋಕಸಭೆಯಲ್ಲಿ ಏಳುನೂರಕ್ಕೂ ಹೆಚ್ಚು ಖಾಸಗಿ ಮಸೂದೆಗಳು ಮಂಡನೆಯಾದವು. ಬರೆಯುವವರ ಕೊರತೆಯಿದ್ದರೆ ಅಷ್ಟೊಂದು ಎಲ್ಲಿಂದ ಬರಬೇಕು? ಒಬ್ಬ ಸದಸ್ಯನ ಮಸೂದೆಯ ಹಣೆಬರಹವನ್ನು ಬರೆಯುವುದು ಅವನ ಶ್ರದ್ಧೆಗಿಂತ ಹೆಚ್ಚಾಗಿ ಸದನದ ಹೊತ್ತು ಮತ್ತು ಸರಕಾರದ ಬೊಕ್ಕಸ ಯಾರ ಕೈಯಲ್ಲಿವೆ ಎಂಬುದು. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯನ್ನು ಮುಂದಿಟ್ಟುಕೊಂಡು ನೂರು ವರ್ಷಗಳ ಈ ಚರಿತ್ರೆಯನ್ನು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಸದನ ಗೆದ್ದ ಖಾಸಗಿ ಮಸೂದೆಯೂ ಹಳ್ಳಿಗೆ ಬರುವ ದಾರಿಯಲ್ಲಿ ಬೇರೆ ಗಡಿಗಳಿಗೆ ಸಿಕ್ಕಿ ನಿಲ್ಲುತ್ತಿತ್ತು.

ಖಾಸಗಿ ಮಸೂದೆಗಳ ಸುಗ್ಗಿಕಾಲ ಸ್ವಾತಂತ್ರ್ಯಕ್ಕೆ ಮುಂಚಿನದು. ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಅಜ್ಮೀರದ ಹರಬಿಲಾಸ ಸಾರಡಾ 1927ರಲ್ಲಿ ಹಿಂದೂ ಬಾಲ್ಯವಿವಾಹ ಮಸೂದೆಯನ್ನು ತಂದರು. ಸರಕಾರ ಮೊದಲು ವಿರೋಧಿಸಿತು. ಮಸೂದೆ ಆಯ್ಕೆ ಸಮಿತಿಗೆ ಹೋಯಿತು; ಅಲ್ಲಿ ಅದರ ರೂಪ ಬದಲಾಗಿ ಎಲ್ಲ ಸಮುದಾಯಗಳಿಗೂ ಅನ್ವಯಿಸುವ ಶಾಸನವಾಯಿತು. 1928ರಲ್ಲಿ ನೇಮಕವಾದ ಮೋರೋಪಂತ ಜೋಶಿ ಸಮಿತಿ ಊರೂರಿನ ಸಾಕ್ಷ್ಯ ಕಲೆಹಾಕಿ ವರದಿ ಕೊಟ್ಟ ಮೇಲೆ ಸರಕಾರವೂ ಬೆಂಬಲಕ್ಕೆ ನಿಂತಿತು. 1929ರ ಸೆಪ್ಟೆಂಬರಿನಲ್ಲಿ ಸದನದ ಒಪ್ಪಿಗೆ ಸಿಕ್ಕು, 1930ರ ಏಪ್ರಿಲ್ 1ರಿಂದ ಹೆಣ್ಣಿಗೆ 14, ಗಂಡಿಗೆ 18 ವರ್ಷ ಎಂಬ ಕನಿಷ್ಠ ವಯಸ್ಸು ಜಾರಿಯಾಯಿತು. ಇದರ ಬೆನ್ನಿಗೇ 1937ರಲ್ಲಿ ಡಾ. ಜಿ.ವಿ. ದೇಶಮುಖರ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ ಬಂತು. ಅದೇ ವರ್ಷ ಶರಿಯತ್ ಅನ್ವಯ ಕಾಯಿದೆ, 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನೆ ಕಾಯಿದೆ ಬಂದವು. ಇಂದಿಗೂ ನಮ್ಮ ಕೌಟುಂಬಿಕ ಕಾನೂನಿನ ಬುಡದಲ್ಲಿರುವ ಈ ಶಾಸನಗಳೆಲ್ಲ ಒಬ್ಬೊಬ್ಬ ಸದಸ್ಯರ ಹೆಸರಿನಲ್ಲಿ ಹುಟ್ಟಿದವು.

ಅಂದಿನ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಸಾರಡಾ ಕಾಯಿದೆ ಏನಾಯಿತೆಂದು ತಿಳಿಯಲು ಅದರ ಕಲಮುಗಳನ್ನೇ ಓದಬೇಕು. ಪೊಲೀಸರು ತಾವಾಗಿ ಕೈಹಾಕುವಂತಿರಲಿಲ್ಲ. ಯಾರಾದರೂ ದೂರು ಕೊಡಬೇಕಿತ್ತು, ಅದೂ ಮದುವೆಯಾದ ಒಂದು ವರ್ಷದೊಳಗೆ. ಮೂಲ ಕಾಯಿದೆಯ ಪ್ರಕಾರ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಅಧಿಕಾರ ಪ್ರೆಸಿಡೆನ್ಸಿ ನಗರಗಳ ಹೊರಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮಾತ್ರ ಇತ್ತು. ದೂರುದಾರ 100 ರೂಪಾಯಿವರೆಗಿನ ಜಾಮೀನು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು, ದೂರು ಸುಳ್ಳೆಂದು ಕಂಡರೆ ಪರಿಹಾರ ವಸೂಲು ಮಾಡಲು. ನವಲಗುಂದದ ಎರೆ ಸೀಮೆಯ ಒಬ್ಬ ಸಣ್ಣ ಒಕ್ಕಲಿಗ ತನ್ನದೇ ಊರಿನ ಗೌಡರ ಮನೆಯ ಮದುವೆಯ ಮೇಲೆ ಧಾರವಾಡಕ್ಕೆ ಹೋಗಿ, ಅಷ್ಟು ಹಣಕ್ಕೆ ಸಹಿ ಹಾಕಿ ದೂರು ಕೊಡುತ್ತಿದ್ದ ಎಂದು ನಂಬುವುದು ಕಷ್ಟ. ಕುಂದಗೋಳದ ಸ್ಥಿತಿ ಇನ್ನೂ ಬೇರೆ. ಅದು ಬ್ರಿಟಿಷ್ ಜಿಲ್ಲೆಯ ಭಾಗವಾಗಿರಲಿಲ್ಲ, ಜಮಖಂಡಿ ಸಂಸ್ಥಾನಕ್ಕೆ ಸೇರಿದ ತಾಲೂಕಾಗಿತ್ತು. ಬ್ರಿಟಿಷ್ ಭಾರತಕ್ಕೆಂದು ಬರೆದ ಕಾಯಿದೆ ಅಲ್ಲಿಗೆ ತಾನಾಗಿಯೇ ಹಬ್ಬುತ್ತಿರಲಿಲ್ಲ. ಹುಬ್ಬಳ್ಳಿ ತಾಲೂಕಿನ ಹೊಲದ ಬದು ದಾಟಿದರೆ ಬೇರೆ ಆಡಳಿತ, ಬೇರೆ ಕಾನೂನು. 1948ರಲ್ಲಿ ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾಗುವ ತನಕ ಈ ಗಡಿ ಉಳಿಯಿತು.

ದೇಶಮುಖರ ಕಾಯಿದೆಯ ಕತೆ ಹಳ್ಳಿಗಳ ಮಟ್ಟಿಗೆ ಮತ್ತೂ ನೋವಿನದು. ಮೊದಲು ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂದಿದ್ದ ಮಸೂದೆ ಸದನ ದಾಟುವಷ್ಟರಲ್ಲಿ ವಿಧವೆಯರಿಗೆ ಮಾತ್ರ ಸೀಮಿತವಾಯಿತು. ಆ ಪಾಲೂ ಜೀವಿತಾವಧಿಯ ಹಕ್ಕು ಅಷ್ಟೇ. ಆಮೇಲೆ 1941ರಲ್ಲಿ ಫೆಡರಲ್ ಕೋರ್ಟು, ಕೃಷಿಭೂಮಿಯ ವಾರಸು ಪ್ರಾಂತಗಳ ವಿಷಯವಾದ್ದರಿಂದ ಕೇಂದ್ರದ ಈ ಕಾಯಿದೆ ಪ್ರಾಂತಗಳ ಹೊಲಗದ್ದೆಗೆ ತಾಗುವುದಿಲ್ಲವೆಂದು ಅಭಿಪ್ರಾಯ ಕೊಟ್ಟಿತು. ಪೇಟೆಯ ಅಂಗಡಿ, ಬ್ಯಾಂಕಿನ ಠೇವು, ಮನೆ ಇದ್ದ ಕುಟುಂಬದ ವಿಧವೆಗೆ ಕಾಯಿದೆ ಆಸರೆಯಾಯಿತು. ಎರೆಹೊಲವನ್ನು ಬಿಟ್ಟರೆ ಬೇರೆ ಆಸ್ತಿಯೇ ಇಲ್ಲದ ಅಣ್ಣಿಗೇರಿ, ನವಲಗುಂದದ ಒಕ್ಕಲು ಮನೆಯ ವಿಧವೆಗೆ ಅದು ಕಾಗದದಲ್ಲಿ ಉಳಿಯಿತು. 1940ರ ದಶಕದಲ್ಲಿ ಮುಂಬೈ ಸೇರಿ ಹಲವು ಪ್ರಾಂತಗಳು ಪ್ರತ್ಯೇಕ ಶಾಸನ ಮಾಡಿ ಕೃಷಿಭೂಮಿಗೂ ಅದನ್ನು ವಿಸ್ತರಿಸಬೇಕಾಯಿತು. ಖಾಸಗಿ ಮಸೂದೆ ಪಾಸಾಯಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ಅದರ ಬೆಲೆ ಕಟ್ಟುವ ಇತಿಹಾಸಕಾರರು ಈ ಎರಡನೆಯ ಪಯಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ತಕರಾರು.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಕೇಂದ್ರ ಶಾಸನಸಭೆ ಜನರದ್ದಾಗಿರಲಿಲ್ಲ. 145 ಸದಸ್ಯರಲ್ಲಿ 104 ಮಂದಿ ಮಾತ್ರ ಚುನಾಯಿತರು, ಅವರನ್ನು ಆರಿಸಿದ್ದೂ ಆಸ್ತಿವಂತರ ಕಿರಿದಾದ ಮತದಾರ ವರ್ಗ. ಅಂಥ ಸಭೆಯನ್ನು ವಯಸ್ಕ ಮತದಾನದ ಸಂಸತ್ತಿನೊಂದಿಗೆ ತೂಗಿ ನೋಡುವುದು ಸರಿಯೇ? ಪ್ರಾತಿನಿಧ್ಯದ ದೃಷ್ಟಿಯಿಂದ ಖಂಡಿತ ಸರಿಯಲ್ಲ. ನಾನು ಹೋಲಿಸುತ್ತಿರುವುದು ಒಂದೇ ಅಂಶವನ್ನು. ಅಲ್ಲಿನ ಕಾರ್ಯಾಂಗ ಸದನದ ಬಹುಮತದ ಮೇಲೆ ನಿಂತಿರಲಿಲ್ಲ. ಮಸೂದೆ ಗೆದ್ದರೂ ಸೋತರೂ ವೈಸರಾಯ್ ಸರಕಾರ ಬೀಳುತ್ತಿರಲಿಲ್ಲ. ಆದ್ದರಿಂದ ಸಾಮಾಜಿಕ ವಿಷಯಗಳಲ್ಲಿ ಅದು ತಟಸ್ಥವಾಗಿ ಕೂರಬಲ್ಲದ್ದಾಗಿತ್ತು, ಸದಸ್ಯರು ತಮ್ಮ ತಿಳಿವಳಿಕೆಯಂತೆ ಮತ ಹಾಕಬಹುದಿತ್ತು. ತನ್ನ ಅಧಿಕಾರಕ್ಕೆ ಕೈಹಾಕುವ ಮಸೂದೆಗಳಿಗೆ ಅದೇ ಸರಕಾರ ಈ ಉದಾರತೆ ತೋರಲಿಲ್ಲ. ಜವಾಬ್ದಾರಿ ಸರಕಾರ ಬಂದ ಮೇಲೆ, ಯಾವ ಮಸೂದೆ ಸೋತರೂ ಗೆದ್ದರೂ ಅದು ಮಂತ್ರಿಮಂಡಲದ ಮಾನದ ಪ್ರಶ್ನೆಯಾಯಿತು. ಬ್ರಿಟನ್ನಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿ ಕೊಲೆಗೆ ಮರಣದಂಡನೆಯನ್ನು ಕೈಬಿಟ್ಟ ಸಿಡ್ನಿ ಸಿಲ್ವರ್‌ಮನ್‌ರ 1965ರ ಮಸೂದೆ, ಗರ್ಭಪಾತದ ಬಗೆಗಿನ ಡೇವಿಡ್ ಸ್ಟೀಲ್‌ರ 1967ರ ಮಸೂದೆ ಎರಡೂ ಖಾಸಗಿ ಮಸೂದೆಗಳೇ. ಸರಕಾರ ವಿಪ್ ಹೊರಡಿಸದೆ, ತನ್ನ ಪಾಲಿನ ಸಮಯವನ್ನು ಬಿಟ್ಟುಕೊಟ್ಟಿತು, ಅವು ಗೆದ್ದವು. ಜವಾಬ್ದಾರಿ ಸರಕಾರ ಮತ್ತು ಖಾಸಗಿ ಶಾಸನ ಒಂದೇ ಸೂರಿನಡಿ ಬಾಳಲಾರವು ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ನಮ್ಮ ಸಂಸತ್ತಿನ ಮೊದಲ ವರ್ಷಗಳೂ ಇದನ್ನೇ ಹೇಳುತ್ತವೆ. ಸಂಸತ್ತಿನ ಕಲಾಪವನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚು ಹಾಕಲು ರಕ್ಷಣೆ ಕೊಟ್ಟ ಫಿರೋಜ್ ಗಾಂಧಿಯವರ ಮಸೂದೆ 1956ರಲ್ಲಿ ಕಾಯಿದೆಯಾಯಿತು. ಮಹಿಳೆಯರ ಮತ್ತು ಮಕ್ಕಳ ಆಶ್ರಯ ಸಂಸ್ಥೆಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಕಮಲೇಂದುಮತಿ ಶಾ ಅವರ ಮಸೂದೆಯೂ ಅದೇ ವರ್ಷದ್ದು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಂಥ ಹಳೆಯ ಸ್ಮಾರಕಗಳನ್ನು ರಾಷ್ಟ್ರೀಯ ಮಹತ್ವದವೆಂದು ಘೋಷಿಸುವ ಶಾಸನಕ್ಕೆ ತಿದ್ದುಪಡಿ ತಂದವರೂ ಒಬ್ಬ ಖಾಸಗಿ ಸದಸ್ಯರೇ, ರಘುವೀರ ಸಿಂಹ. ಬಹುಮತ ಗಟ್ಟಿಯಾಗಿದ್ದ ಸರಕಾರಕ್ಕೆ ಇವು ಬೆದರಿಕೆಯೆನಿಸಲಿಲ್ಲ.

ಈಗಿನ ದಾರಿಯನ್ನು ಹತ್ತಿರದಿಂದ ನೋಡೋಣ. ಸದಸ್ಯ ಒಂದು ತಿಂಗಳ ಮುಂಚೆ ನೋಟಿಸು ಕೊಡಬೇಕು. ಜೊತೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಖರ್ಚು ಬೀಳುವುದಿದ್ದರೆ ಹಣಕಾಸಿನ ಟಿಪ್ಪಣಿ. ಮಂಡಿಸುವುದು ಒಂದು ನಿಮಿಷದ ಕೆಲಸ, ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ. ನಿಜವಾದ ಜರಡಿ ಆಮೇಲಿನದು: ಯಾವುದು ಚರ್ಚೆಗೆ ಬರಬೇಕೆಂದು ಚೀಟಿ ಎತ್ತುತ್ತಾರೆ. ಚರ್ಚೆಗೆ ಇರುವುದು ಶುಕ್ರವಾರದ ಎರಡೂವರೆ ತಾಸು. ಅದೂ ಒಂದು ವಾರ ಮಸೂದೆಗಳಿಗಾದರೆ ಮುಂದಿನ ವಾರ ನಿರ್ಣಯಗಳಿಗೆ. 2019ರಲ್ಲಿ ಮಂಡನೆಯಾದ ಕಡ್ಡಾಯ ಮತದಾನ ಮಸೂದೆಯೊಂದರ ಚರ್ಚೆಯೇ ಅಧಿವೇಶನದಿಂದ ಅಧಿವೇಶನಕ್ಕೆ ಎಳೆದು 2022ರವರೆಗೆ ನಡೆಯಿತು, ಕೊನೆಗೆ ಮಸೂದೆಯನ್ನು ಹಿಂತೆಗೆದುಕೊಂಡರು. ಒಂದು ಚರ್ಚೆ ಮುಗಿಯದೆ ಇನ್ನೊಂದು ಶುರುವಾಗದು; ಹಿಂದೆ ಸಾಲುಗಟ್ಟಿದವು ಲೋಕಸಭೆ ವಿಸರ್ಜನೆಯಾದ ದಿನ ಒಟ್ಟಿಗೆ ಅನೂರ್ಜಿತವಾಗುತ್ತವೆ. ಇದರ ಮೇಲೆ ಸಂವಿಧಾನದ 117ನೇ ವಿಧಿ: ಸಂಚಿತ ನಿಧಿಯಿಂದ ಖರ್ಚು ಬೇಡುವ ಮಸೂದೆಯನ್ನು ರಾಷ್ಟ್ರಪತಿಯವರ ಶಿಫಾರಸಿಲ್ಲದೆ ಅಂಗೀಕರಿಸುವಂತಿಲ್ಲ. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಹಣ ಬೇಕಾದ ಯಾವ ಮಸೂದೆಗೂ ಸರಕಾರ ಕಾರಣ ಹೇಳದೆಯೇ ಬಾಗಿಲು ಹಾಕಬಲ್ಲದು.

ಹಳ್ಳಿಯ ದುಡಿಮೆಗೆ ಸಂಬಂಧಿಸಿದ ಮಸೂದೆಗಳು ಮೊದಲು ಎಡವುವುದು ಇಲ್ಲೇ. 2018ರ ಆಗಸ್ಟಿನಲ್ಲಿ ಹಾತಕಣಂಗಲೆಯ ಸಂಸದ ರಾಜು ಶೆಟ್ಟಿ ಲೋಕಸಭೆಯಲ್ಲಿ ಎರಡು ಖಾಸಗಿ ಮಸೂದೆಗಳನ್ನು ಮಂಡಿಸಿದರು. ಒಂದು ರೈತರ ಸಾಲಮುಕ್ತಿಯದು, ಇನ್ನೊಂದು ಸಮಗ್ರ ಉತ್ಪಾದನಾ ವೆಚ್ಚದ ಮೇಲೆ ಶೇ. 50 ಸೇರಿಸಿದ ಬೆಂಬಲ ಬೆಲೆಯನ್ನು ಹಕ್ಕಾಗಿಸುವುದು. ಗಡಿಯಾಚೆಯ ಕೊಲ್ಹಾಪುರ ಸೀಮೆಯಿಂದ ಬಂದ ಈ ಬೇಡಿಕೆ ನವಲಗುಂದದ ಹೆಸರು, ಕಡಲೆ, ಹತ್ತಿ ಬೆಳೆಗಾರನ ಬೇಡಿಕೆಯೂ ಹೌದು. ಖರೀದಿ ಕೇಂದ್ರ ತೆರೆಯುವ ಮುಂಚೆಯೇ ಅಡತಿ ಅಂಗಡಿಯಲ್ಲಿ ಹೆಸರು ಮಾರಿ ಬಂದವನಿಗೆ ‘ಬೆಂಬಲ ಬೆಲೆ’ ಘೋಷಣೆಯಾಗಿ ಸಿಗುತ್ತದೆ, ಹಕ್ಕಾಗಿ ಅಲ್ಲ. 2019ರಲ್ಲಿ 16ನೇ ಲೋಕಸಭೆ ಮುಗಿದಾಗ ಎರಡೂ ಮಸೂದೆಗಳು ಬಿದ್ದುಹೋದವು. ನೀರಿನ ಮಾತು ಇದಕ್ಕಿಂತ ಜಟಿಲ. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧದ ಹೋರಾಟದಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅದು ರಾಜ್ಯದ ವಿಷಯ. ಮಹದಾಯಿ ಅಂತರರಾಜ್ಯ ನದಿಯಾದ್ದರಿಂದ ನ್ಯಾಯಮಂಡಳಿಯ ವಿಷಯ. 2018ರ ಆಗಸ್ಟ್ 14ರ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ ಬಂತು. ಈ ನಡುವೆ ಒಬ್ಬ ಸಂಸದನ ಕೈಯಲ್ಲಿದ್ದದ್ದು ಪ್ರಶ್ನೆ, ಶೂನ್ಯವೇಳೆಯ ಪ್ರಸ್ತಾಪ, 377ನೇ ನಿಯಮದ ಹೇಳಿಕೆ, ಹೆಚ್ಚೆಂದರೆ ಒಂದು ನಿರ್ಣಯ.

ಪಾಸಾಗದಿದ್ದರೇನಂತೆ, ಖಾಸಗಿ ಸದಸ್ಯನ ಮಾತು ಬೀಜವಾಗಿ ಬಿದ್ದು ಮುಂದೊಂದು ದಿನ ಸರಕಾರದ ಮಸೂದೆಯಾಗಿ ಮೊಳೆಯುತ್ತದೆ ಎನ್ನುವವರಿದ್ದಾರೆ. ಈ ವಾದಕ್ಕೆ ಆಧಾರವಿದೆ. 1967ರ ಡಿಸೆಂಬರಿನಲ್ಲಿ ಲೋಕಸಭೆ ಒಪ್ಪಿದ ಪಿ. ವೆಂಕಟಸುಬ್ಬಯ್ಯನವರ ಖಾಸಗಿ ನಿರ್ಣಯದಿಂದ ಪಕ್ಷಾಂತರದ ಬಗ್ಗೆ ಚವಾಣ್ ಸಮಿತಿ ರಚನೆಯಾಯಿತು. 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ಬೇರು ಅಲ್ಲಿದೆ. ಆದರೆ ಬೀಜ ಬಿತ್ತಿದವನ ಇಚ್ಛೆಯಂತೆಯೇ ಪೈರು ಬರುವುದಿಲ್ಲ. ತಿರುಚ್ಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು 2015ರ ಏಪ್ರಿಲ್ 24ರಂದು ರಾಜ್ಯಸಭೆ ಅಂಗೀಕರಿಸಿತು. ದಶಕಗಳಲ್ಲಿ ಒಂದು ಸದನವಾದರೂ ಒಪ್ಪಿದ ಮೊದಲ ಖಾಸಗಿ ಮಸೂದೆ ಅದು. ಲೋಕಸಭೆಯಲ್ಲಿ ಅದು ಗೆಲ್ಲಲಿಲ್ಲ. 2019ರಲ್ಲಿ ಸರಕಾರ ತಂದ ಕಾಯಿದೆಯಲ್ಲಿ ಶಿವಾ ಅವರು ಕೇಳಿದ್ದ ಮೀಸಲಾತಿಯಂಥ ಮುಖ್ಯ ಹಕ್ಕುಗಳಿಲ್ಲ. ಸರಕಾರದ ಮೂಲಕ ಬರುವ ಶಾಸನ ಸರಕಾರಕ್ಕೆ ಒಗ್ಗುವಷ್ಟೇ ಬರುತ್ತದೆ.

ಧಾರವಾಡದ ಹಳ್ಳಿಗಳಿಗೆ ಸಂಬಂಧಿಸಿ ಇನ್ನೊಂದು ಸಂಗತಿ ಯಾವ ಅಧ್ಯಯನದ ಗಮನಕ್ಕೂ ಬಂದಂತಿಲ್ಲ. ಮಂತ್ರಿಯಾದವನು ಖಾಸಗಿ ಸದಸ್ಯನಲ್ಲ. ಅವನು ಖಾಸಗಿ ಮಸೂದೆ ತರುವಂತಿಲ್ಲ. 1952ರಿಂದ ಧಾರವಾಡ ಉತ್ತರವನ್ನು ಪ್ರತಿನಿಧಿಸಿದ ಡಿ.ಪಿ. ಕರಮರಕರ ಉಪಮಂತ್ರಿಯಾಗಿ, ಆಮೇಲೆ ಆರೋಗ್ಯ ಖಾತೆಯ ಮಂತ್ರಿಯಾಗಿ ಸರಕಾರದ ಸಾಲಿನಲ್ಲೇ ಕುಳಿತವರು. 1962ರಲ್ಲಿ ಅವರ ಜಾಗಕ್ಕೆ ಬಂದ ಸರೋಜಿನಿ ಮಹಿಷಿ 1966ರಿಂದ ಸುಮಾರು ಒಂದು ದಶಕ ಮಂತ್ರಿಯಾಗಿದ್ದರು. ಧಾರವಾಡ ದಕ್ಷಿಣದ ಎಫ್.ಎಚ್. ಮೊಹಸಿನ್ ಗೃಹ ಖಾತೆಯ ಉಪಮಂತ್ರಿಯಾದರು. ನವಲಗುಂದ, ಕುಂದಗೋಳ, ಕಲಘಟಗಿಗಳು ಸೇರಿರುವ ಈಗಿನ ಕ್ಷೇತ್ರದ ಪ್ರಲ್ಹಾದ ಜೋಶಿ 2019ರಿಂದ ಸಂಪುಟದಲ್ಲಿದ್ದಾರೆ. 2024ರವರೆಗೆ ಸಂಸದೀಯ ವ್ಯವಹಾರಗಳ ಮಂತ್ರಿಯಾಗಿ ಸರಕಾರಿ ಕಲಾಪವನ್ನು ಹೊಂದಿಸುವ ಹೊಣೆ ಅವರದೇ ಆಗಿತ್ತು. ಲೆಕ್ಕ ಹಾಕಿದರೆ ಈ ಸೀಮೆಗೆ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಕಾಲ ಖಾಸಗಿ ಸದಸ್ಯನೇ ಇರಲಿಲ್ಲ. ಮಂತ್ರಿ ಸಿಕ್ಕರೆ ರಸ್ತೆ, ರೈಲು, ಕಚೇರಿ ಸಿಗುತ್ತವೆ, ಖಾಸಗಿ ಮಸೂದೆಯಿಂದ ಏನು ಸಿಕ್ಕೀತು ಎಂಬ ಮಾತು ಊರಲ್ಲಿ ಸಹಜ, ಅದರಲ್ಲಿ ತಥ್ಯವೂ ಇದೆ. ಮಂತ್ರಿ ಮಾತಾಡುವುದು ಮಾತ್ರ ಇಡೀ ಸಂಪುಟದ ಪರವಾಗಿ. ಗೋವಾ ಮತ್ತು ಕರ್ನಾಟಕ ಎರಡರ ಹಿತವನ್ನೂ ತೂಗಬೇಕಾದ ಸರಕಾರದೊಳಗೆ ಕುಳಿತವರಿಗೆ ಮಹದಾಯಿಯ ಮೇಲೊಂದು ನಿರ್ಣಯ ಮಂಡಿಸಿ ಸದನದ ಮತ ಕೇಳಲು ಅವಕಾಶವಿಲ್ಲ.

ಖಾಸಗಿ ಮಸೂದೆಗಳಿಗೆ ದಾರಿ ಬಿಟ್ಟರೆ ಅರೆಬೆಂದ ಶಾಸನಗಳು ರಾಶಿ ಬೀಳುತ್ತವೆ ಎಂಬ ಅಂಜಿಕೆ ಹಳೆಯದು. ಸಾರಡಾ ಮಸೂದೆಯೂ ಮೊದಲ ರೂಪದಲ್ಲಿ ಅರೆಬೆಂದದ್ದೇ; ಅದನ್ನು ಬೇಯಿಸಿದ್ದು ಆಯ್ಕೆ ಸಮಿತಿ ಮತ್ತು ಜೋಶಿ ಸಮಿತಿ ಕಲೆಹಾಕಿದ ಸಾಕ್ಷ್ಯ. ಇಂದು ಖಾಸಗಿ ಮಸೂದೆಗೆ ಸಿಗದಿರುವುದು ಅದೇ ಒಲೆ. ಚೀಟಿಯಲ್ಲಿ ಗೆದ್ದ ಮಸೂದೆಯನ್ನು ಇಲಾಖಾ ಸ್ಥಾಯಿ ಸಮಿತಿಗೆ ಕಳಿಸುವುದು, ಪ್ರತಿ ಮಸೂದೆಯ ಚರ್ಚೆಗೆ ಒಂದು ಅಧಿವೇಶನದ ಮಿತಿ ಹಾಕಿ ಕೊನೆಗೆ ಮತಕ್ಕೆ ಹಾಕುವುದು, ಸಮಿತಿ ಪರಿಶೀಲಿಸಿದ ಮಸೂದೆಯನ್ನು ಮುಂದಿನ ಲೋಕಸಭೆಯಲ್ಲಿ ಹೊಸ ಚೀಟಿಯಿಲ್ಲದೆ ಮತ್ತೆ ಮಂಡಿಸಲು ಬಿಡುವುದು: ಈ ಮೂರಕ್ಕೂ ಸಂವಿಧಾನದ ತಿದ್ದುಪಡಿ ಬೇಡ, ಸದನದ ನಿಯಮಗಳು ಬದಲಾದರೆ ಸಾಕು. 117ನೇ ವಿಧಿಯ ಶಿಫಾರಸನ್ನು ನಿರಾಕರಿಸಿದಾಗ ಕಾರಣವನ್ನು ಸದನದ ಮುಂದಿಡಬೇಕೆಂಬ ನಿಯಮವನ್ನೂ ಇದರೊಡನೆ ಸೇರಿಸಬೇಕು. ಬೆಂಬಲ ಬೆಲೆಯನ್ನು ಹಕ್ಕಾಗಿಸಲು ಎಷ್ಟು ಹಣ ಬೇಕು, ಸರಕಾರ ಅದನ್ನು ಯಾಕೆ ಒಲ್ಲೆನ್ನುತ್ತದೆ ಎಂಬುದು ಆಗ ಅಣ್ಣಿಗೇರಿಯ ಹೆಸರು ಬೆಳೆಗಾರನಿಗೆ ಲಿಖಿತವಾಗಿ ಸಿಗುತ್ತದೆ.