ಡೋರ್ ಲಾಕ್ ದೋಷ, ವಾಷಿಂಗ್ ಮಷಿನ್‌ನಲ್ಲಿ (ಕಳಸ ಸೀಮೆ)

ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಓಡುತ್ತಿರುವಾಗ ಬಾಗಿಲು ತೆರೆಯದಂತೆ ಹಿಡಿದಿಡುವ ವಿದ್ಯುತ್ ಬೀಗವೇ ಡೋರ್ ಲಾಕ್. ಬಟ್ಟೆ ಹಿಂಡುವಾಗ ಡ್ರಮ್ಮು ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುತ್ತದೆ. ಆದ್ದರಿಂದ ಬೀಗ ಬಿದ್ದ ಖಾತ್ರಿ ಸಿಗದೆ ಮೋಟರು ತಿರುಗುವುದಿಲ್ಲ.  

ಭದ್ರಾ ದಂಡೆಯ ಕಳಸ ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒದ್ದೆ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲೊಲೆಯ ಕಾವಿಗೆ ಹರವುವ ಮುನ್ನ ಯಂತ್ರ ಚೆನ್ನಾಗಿ ಹಿಂಡಿಕೊಟ್ಟರೆ ಅರ್ಧ ಕಷ್ಟ ಕಳೆಯಿತು. ಹಾಗಾಗಿ ಮಳೆಗಾಲದ ನಡುವೆ ಲಾಕ್ ಕೈಕೊಡುವುದು ಸಣ್ಣ ತೊಂದರೆಯಲ್ಲ.

ಹೆಚ್ಚು ಬಳಕೆಯಲ್ಲಿರುವ ಲಾಕ್‌ನೊಳಗೆ ಪಿಟಿಸಿ ಎಂಬ ಪುಟ್ಟ ಸೆರಾಮಿಕ್ ಬಿಲ್ಲೆ, ಅದಕ್ಕೆ ತಾಗಿದಂತೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತವೆ. ಕರೆಂಟು ಹರಿದಾಗ ಬಿಲ್ಲೆ ಕಾದು ಪಟ್ಟಿ ಬಾಗುತ್ತದೆ. ಅದು ಒಂದು ಮೊಳೆಯನ್ನು ದೂಡಿ ಕೊಂಡಿಯನ್ನು ಬಿಗಿದು, ಜೊತೆಗೇ ಒಳಗಿನ ಸ್ವಿಚ್ಚನ್ನೂ ಕೂಡಿಸುತ್ತದೆ. ಕೆಲವೇ ಸೆಕೆಂಡಿನಲ್ಲಿ ಕೇಳುವ ‘ಟಕ್’ ಸದ್ದು ಅದೇ. ಒಗೆತ ಮುಗಿದ ಮೇಲೆ ಬಿಲ್ಲೆ ತಣಿಯಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಹಿಡಿಕೆ ಜಗ್ಗಿ ಮುರಿದುಕೊಂಡು, ಲಾಕ್ ಕೆಟ್ಟಿದೆ ಎನ್ನುವವರಿದ್ದಾರೆ; ಅದು ದೋಷವಲ್ಲ, ಲಾಕಿನ ಗುಣ. ಇನ್ನೊಂದು ಬಗೆಯಲ್ಲಿ ಸೊಲೆನಾಯ್ಡ್ ಸುರುಳಿಗೆ ಕ್ಷಣಮಾತ್ರ ಕರೆಂಟು ಕೊಟ್ಟು ಬೀಗ ಹಾಕಿ ತೆಗೆಯುತ್ತಾರೆ. ಅಂಥದ್ದರಲ್ಲಿ ಕರೆಂಟು ಹೋದರೆ ಬಾಗಿಲು ಮುಚ್ಚಿಯೇ ಉಳಿಯುತ್ತದೆ. ಹಲವು ಯಂತ್ರಗಳಲ್ಲಿ ಕೆಳಗಿನ ಫಿಲ್ಟರ್ ಮುಚ್ಚಳದ ಹಿಂದೆ ತುರ್ತು ಬಿಡುಗಡೆಯ ಎಳೆ ಇರುತ್ತದೆ. ಮೊದಲು ನೀರು ಬಸಿದು, ಆಮೇಲೆ ಅದನ್ನು ಎಳೆಯಬೇಕು.

ಎಲ್‌ಜಿ ಯಂತ್ರದ ಪರದೆಯಲ್ಲಿ ‘ಡಿಇ’ ಸಂಕೇತ ಬಂದರೆ ಬಾಗಿಲ ದೋಷ ಎಂದರ್ಥ. ಆದರೆ ಸಂಕೇತ ಕಂಡೊಡನೆ ಹೊಸ ಲಾಕ್ ತರಿಸುವುದು ಆತುರ. ಯಂತ್ರಕ್ಕೆ ಗೊತ್ತಾಗುವುದು ಬೀಗ ಬಿದ್ದ ಸುದ್ದಿ ಬರಲಿಲ್ಲ ಎಂಬುದಷ್ಟೆ, ಯಾಕೆಂಬುದಲ್ಲ.

ಕಳಸ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ವೋಲ್ಟೇಜು. ಇಲ್ಲಿಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ. ತಂತಿಗಳು ಕಾಫಿ ತೋಟಗಳ ನಡುವೆ, ಸಿಲ್ವರ್ ಓಕ್ ಮರಗಳ ಪಕ್ಕದಲ್ಲೇ ಹಾಯುತ್ತವೆ. ಗಾಳಿಮಳೆಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಇಳಿಯುವುದೂ ಉಂಟು. 230 ವೋಲ್ಟ್‌ಗಿಂತ ಬಹಳ ಕಡಿಮೆಯಾದರೆ ಬಿಲ್ಲೆ ನಿಧಾನವಾಗಿ ಕಾಯುತ್ತದೆ, ಗಡುವಿನೊಳಗೆ ಸ್ವಿಚ್ಚು ಕೂಡದೆ ಯಂತ್ರ ದೋಷ ತೋರಿಸುತ್ತದೆ. ಸಂಜೆ ಕೆಟ್ಟಂತಿದ್ದ ಯಂತ್ರ ಬೆಳಗ್ಗೆ ಸರಿಯಾಗಿ ಓಡಿದರೆ ಮೊದಲ ಅನುಮಾನ ಲೈನಿನ ಮೇಲಿರಲಿ.

ಬಾಗಿಲು ತೆರೆಯುತ್ತಿಲ್ಲ ಎಂಬ ದೂರಿಗೆ ನೀರೂ ಕಾರಣವಾಗುತ್ತದೆ. ಗುಡ್ಡದಿಂದ ಪೈಪಿನಲ್ಲಿ ಇಳಿಸಿಕೊಳ್ಳುವ ನೀರಿನ ಜೊತೆ ಮಳೆಗಾಲದಲ್ಲಿ ಮರಳು, ಕೆಸರು ಬರುತ್ತದೆ. ಅದು ಪಂಪಿನ ಫಿಲ್ಟರನ್ನೋ ನೀರಿನ ಮಟ್ಟ ಅಳೆಯುವ ಸಣ್ಣ ಕೊಳವೆಯನ್ನೋ ಕಟ್ಟಿದರೆ, ಡ್ರಮ್ಮಿನಲ್ಲಿ ನೀರಿದೆ ಎಂದು ತಿಳಿದು ಯಂತ್ರ ಬೀಗ ಬಿಡುವುದಿಲ್ಲ.

ಇವೆರಡೂ ಸರಿಯಿದ್ದರೆ ಲಾಕ್‌ನತ್ತ ಹೋಗಬಹುದು. ಪ್ಲಗ್ ಕಿತ್ತ ಮೇಲೆಯೇ ಕೆಲಸ ಶುರುವಾಗಬೇಕು. ಒದ್ದೆ ನೆಲದ ಮೇಲೆ 230 ವೋಲ್ಟ್ ಜೀವ ತೆಗೆಯುತ್ತದೆ. ಬಾಗಿಲ ಕೊಂಡಿ ಸವೆದಿದೆಯೇ, ಹಿಂಜು ಜೋತು ಕೊಂಡಿ ತೂತಿಗೆ ಕೂರುತ್ತಿಲ್ಲವೇ ಎಂದು ಕಣ್ಣಿಂದಲೇ ನೋಡಬಹುದು. ರಬ್ಬರ್ ಗ್ಯಾಸ್ಕೆಟ್ಟಿನ ತಂತಿಬಳೆ ಬಿಚ್ಚಿ ಲಾಕ್ ಹೊರತೆಗೆದು, ಕನೆಕ್ಟರ್ ಕಳಚಿ, ಮಲ್ಟಿಮೀಟರ್ ಹಿಡಿಯಬೇಕು. ಪಿಟಿಸಿ ಬಗೆಯಲ್ಲಿ ಬಿಲ್ಲೆಯ ಎರಡು ಕಾಲುಗಳ ನಡುವೆ ತಣ್ಣಗಿದ್ದಾಗ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಒಂದೂವರೆ ಸಾವಿರ ಓಮ್‌ವರೆಗೆ ತೋರುತ್ತದೆ. ಏನೂ ತೋರದಿದ್ದರೆ ಒಳಗೆ ಕಡಿದಿದೆ. ಕರೆಂಟೇ ಇಲ್ಲದಾಗಲೂ ಸ್ವಿಚ್ಚಿನ ಕಾಲುಗಳು ಕೂಡಿಯೇ ಇದ್ದರೆ ಅದರ ತುದಿಗಳು ಬೆಸೆದುಹೋಗಿವೆ. ಎರಡರಲ್ಲೂ ರಿಪೇರಿಗೆ ಕೈಹಾಕದೆ ಲಾಕ್ ಬದಲಿಸುವುದೇ ಸರಿ.

ಲಾಕ್ ಚೆನ್ನಾಗಿದ್ದೂ ಸುದ್ದಿ ಹೋಗದಿದ್ದರೆ ತಂತಿಯನ್ನು ಹಿಂಬಾಲಿಸಬೇಕು. ತಿಂಗಳುಗಟ್ಟಲೆ ತೇವಕ್ಕೆ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ; ಸಡಿಲ ಪಿನ್ನು ಕಾದು ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗುತ್ತದೆ. ಹಿತ್ತಿಲ ಜಗುಲಿಯಲ್ಲೋ ಬಚ್ಚಲ ಬದಿಯಲ್ಲೋ ಇಟ್ಟ ಯಂತ್ರದ ತಳದಿಂದ ಇಲಿ ಒಳನುಗ್ಗಿ ತಂತಿ ಕಡಿಯುವುದೂ ಉಂಟು, ತಳಕ್ಕೆ ಜಾಲರಿ ಬಿಗಿದರೆ ತಪ್ಪುತ್ತದೆ. ತಂತಿಯೂ ಸರಿಯಿದ್ದರೆ ಉಳಿಯುವುದು ಸರ್ಕ್ಯೂಟ್ ಬೋರ್ಡು. ಲಾಕಿಗೆ ಕರೆಂಟು ಬಿಡುವ ಟ್ರಯಾಕ್ ಸುಟ್ಟು ಕೂಡಿಕೊಂಡರೆ, ಒಗೆತ ಮುಗಿದರೂ ಬಿಲ್ಲೆ ಕಾಯುತ್ತಲೇ ಇದ್ದು ಬಾಗಿಲು ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಬೇಕಾದದ್ದು ಈ ಬೋರ್ಡಿನ ಸಲುವಾಗಿ. ಅದರ ಪರೀಕ್ಷೆಗೆ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕಾಗುವುದರಿಂದ ಅದನ್ನು ಬಲ್ಲ ಮೆಕ್ಯಾನಿಕ್‌ಗೇ ಬಿಡಬೇಕು.

ಹೊಸ ಲಾಕ್ ತರಿಸುವಾಗ ಆಕಾರ ನೋಡಿ ಕೊಂಡರೆ ಸಾಲದು. ಒಂದೇ ಆಕಾರದ ಲಾಕ್‌ಗಳಲ್ಲಿ ಪಿನ್ನುಗಳ ಕ್ರಮ ಬೇರೆಯಿರಬಹುದು, ತಪ್ಪು ಜೋಡಣೆ ಬೋರ್ಡನ್ನೇ ಸುಡಬಹುದು. ಹಳೆಯದರ ಮೈಮೇಲಿನ ಸಂಖ್ಯೆಯ ಫೋಟೋ ತೆಗೆದು ಅಂಗಡಿಗೆ ತೋರಿಸಬೇಕು.