ನೀರಿನ ಚಾವಿ ಊರು ಬಿಟ್ಟ ಕಥೆ

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟು ಉಣಕಲ್, ಭೈರಿದೇವರಕೊಪ್ಪ ದಾಟಿದರೆ ಅಮರಗೋಳ. ಹೊರಗಿನವರಿಗೆ ಅದು ಎಪಿಎಂಸಿ ಯಾರ್ಡಿನ ಊರು: ಲಾರಿಗಳು, ಹಮಾಲರು, ಉಳ್ಳಾಗಡ್ಡಿ ಚೀಲಗಳು. ಒಳಗೆ ಹೊಕ್ಕವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಶಂಕರಲಿಂಗ ಮತ್ತು ಬನಶಂಕರಿ ಗುಡಿಗಳು ಸಿಗುತ್ತವೆ. ಇಷ್ಟು ಹಳೆಯ ಊರು, ಈಗ ಮಹಾನಗರ ಪಾಲಿಕೆಯ ಒಂದು ಭಾಗ. ಇಲ್ಲಿಯೂ ಸುತ್ತಲ ಬಡಾವಣೆಗಳಲ್ಲಿಯೂ ಬೆಳಗಿನ ಮಾತು ಬಹಳ ವರ್ಷ ಒಂದೇ ಆಗಿತ್ತು: ‘ಇವತ್ತರ ನಳಾ ಬರತೈತೇನ್ರಿ?’

ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾರ ಕೈಲಿತ್ತು ಎಂದು ಹುಡುಕುತ್ತ ಹೋದರೆ ಅವಳಿ ನಗರದ ನೀರಿನ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ. ನೀರು ಎಷ್ಟೆಷ್ಟು ದೂರದಿಂದ ಬಂತೋ, ತೀರ್ಮಾನವೂ ಅಷ್ಟಷ್ಟು ದೂರ ಹೋಯಿತು.

ಮೊದಲು ನೆಲದ ಮಾತು. ಹುಬ್ಬಳ್ಳಿ–ಧಾರವಾಡಕ್ಕೆ ನದಿಯಿಲ್ಲ, ಊರುಗಳು ಕೂತಿರುವುದು ನೀರು ಎರಡು ದಿಕ್ಕಿಗೆ ಒಡೆಯುವ ದಿನ್ನೆಯ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಕೆಲವೇ ಮೈಲಿ ಪೂರ್ವಕ್ಕೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಹೀಗೆ ಎರಡೂ ಕಡೆ ಜಾರಿ ಹೋಗುವ ನೀರನ್ನು ಹಿಡಿಯಬೇಕೆಂದರೆ ಕೆರೆ ಕಟ್ಟಲೇಬೇಕು. ಪೂರ್ವದ ಎರಿನೆಲದಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರೇ ಗತಿ. ನವಲಗುಂದ ಸೀಮೆಯ ಹಳ್ಳಿಗಳು ಕುಡಿಯುವುದಕ್ಕೆ ಕೆರೆಯನ್ನೇ ನಂಬಿದ್ದು ಇದೇ ಕಾರಣಕ್ಕೆ.

ಅಮರಗೋಳದ ಗುಡಿಗಳು ಎದ್ದ ಕಾಲದಲ್ಲಿ ಕೆರೆಗೆ ಅದರದೇ ಆಡಳಿತವಿತ್ತು. ಕನ್ನಡ ನಾಡಿನ ಶಾಸನಗಳ ತುಂಬ ಬಿತ್ತುವಟ್ಟ, ಕಟ್ಟುಕೊಡಗೆ ಸಿಗುತ್ತವೆ. ಕೆರೆ ಕಟ್ಟಿದವನಿಗೆ, ಏರಿ ತೂಬು ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ಭೂಮಿ ಅಥವಾ ಫಸಲಿನ ಪಾಲು ಬಿಟ್ಟುಕೊಡುವ ಏರ್ಪಾಡು ಅದು. ಹೂಳು ತೆಗೆಯುವ ಖರ್ಚು ಕೆರೆಯಿಂದಲೇ ಹುಟ್ಟಬೇಕು ಎಂಬುದು ಅದರ ಲೆಕ್ಕ. ಇದನ್ನು ಸುವರ್ಣಯುಗ ಎನ್ನುವ ಚಟ ನಮ್ಮಲ್ಲಿ ಕೆಲವರಿಗಿದೆ. ಯಾರು ಕೆರೆಗೆ ಇಳಿಯಬಹುದು, ಯಾರು ದಂಡೆಯಲ್ಲಿ ನಿಂತು ಕೊಡ ಚಾಚಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು ಎಂಬುದನ್ನು ಆ ಹೊಗಳಿಕೆ ಮರೆಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು: ತೂಬು ಎತ್ತುವವನು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಜಗಳವಾದರೆ ಅವನ ಮನೆ ಬಾಗಿಲಿಗೇ ಹೋಗಬಹುದಿತ್ತು.

ಕಂಪನಿ ಸರ್ಕಾರದ ಕೊನೆಯ ವರ್ಷಗಳಲ್ಲಿ, 1855ರಲ್ಲಿ ಹುಬ್ಬಳ್ಳಿಗೂ ಮರುವರ್ಷ ಧಾರವಾಡಕ್ಕೂ ಮುನಸಿಪಾಲಿಟಿ ಬಂತು. ನೀರು ಆಗ ಊರಿನ ಹಿರಿಯರ ಕೈಬಿಟ್ಟು ಕಮಿಟಿಯ ಕಾಗದಕ್ಕೆ ಬಂತು. 1876–78ರ ಬರ ಈ ಸೀಮೆಯನ್ನು ಹಿಂಡಿ ಹಾಕಿತು. ಹಿಂದೆಯೇ ರೈಲು, 1885ರಲ್ಲಿ ರೈಲ್ವೆ ವರ್ಕ್‌ಶಾಪು, ಹುಬ್ಬಳ್ಳಿ ಉಬ್ಬತೊಡಗಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಉಣಕಲ್ ಕೆರೆಯ ನೀರು ಪೇಟೆಯನ್ನು ಸಾಕುತ್ತಿತ್ತು. ಧಾರವಾಡಕ್ಕೆ ಕೆಲಗೇರಿ ಕೆರೆ ಆಯಿತು. ಮುಂಬೈ ಸರ್ಕಾರದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರ ಯೋಜನೆಯೆಂದೇ ಅದು ಪ್ರಸಿದ್ಧ, ಕಟ್ಟಿದ್ದು 1911ರಲ್ಲಿ. ಮೈಸೂರಿನವರು ಕನ್ನಂಬಾಡಿಯ ಜೊತೆ ನೆನೆಯುವ ಹೆಸರನ್ನು ಧಾರವಾಡದವರು ಅದಕ್ಕಿಂತ ಮೊದಲೇ ಕೊಡದಲ್ಲಿ ತುಂಬಿಕೊಂಡಿದ್ದರು.

ಈ ಕೆರೆಗಳು ಊರಿನ ಕಣ್ಣಳತೆಯಲ್ಲಿದ್ದವು. ನೀರು ಇಳಿದರೆ ಎಲ್ಲರಿಗೂ ಕಾಣುತ್ತಿತ್ತು. ನೀರಸಾಗರ ಬಂದ ಮೇಲೆ ಆ ನೋಟ ತಪ್ಪಿತು. ಕಲಘಟಗಿ ತಾಲ್ಲೂಕಿನ ಧುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ಅಡ್ಡ ಕಟ್ಟಿದ ಈ ಜಲಾಶಯ 1955ರದು, ಅಂದರೆ ಈ ಭಾಗ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲದ್ದು. ಹಳ್ಳಿಯ ಹಳ್ಳದ ನೀರು ಪೈಪು ಹತ್ತಿ ಪೇಟೆಗೆ ಬಂತು. ನಳಕ್ಕೆ ನೀರು ಬಂದ ಮೇಲೆ ಉಣಕಲ್ ಕೆರೆಯನ್ನು ಯಾರು ಕೇಳಬೇಕು? ಅದಕ್ಕೆ ಗಟಾರದ ನೀರು ಸೇರಿತು, ಅಂತರಗಂಗೆ ಹಬ್ಬಿತು. ಈಗ ಅಲ್ಲಿ ಉದ್ಯಾನ, ದೋಣಿ, ನಡುವೆ ವಿವೇಕಾನಂದರ ಪ್ರತಿಮೆ. ಕುಡಿಯುವ ನೀರಿನ ಕೆರೆ ಸಂಜೆಯ ಗಾಳಿಸೇವನೆಯ ಕೆರೆಯಾಯಿತು.

1962ರಲ್ಲಿ ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರುಗಳನ್ನು ಹೊಲಿದು ಒಂದು ಮಹಾನಗರ ಪಾಲಿಕೆ ಮಾಡಿದರು. ನಡುವಿನ ಹೊಲಗಳು ಕಾಲಕ್ರಮದಲ್ಲಿ ಪ್ಲಾಟುಗಳಾದವು, ನವನಗರ ಎದ್ದಿತು, ಪೇಟೆ ಅಮರಗೋಳವನ್ನು ನುಂಗಿತು. ನೀರಸಾಗರ ಸಾಲದಾಯಿತು. 1980ರ ದಶಕದಲ್ಲಿ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದ ಮೂಲಕ ಅವಳಿ ನಗರಕ್ಕೆ ಹತ್ತಿತು.

ಆದರೆ ಆ ನೀರಿಗೆ ಮೊದಲೇ ಹಕ್ಕುದಾರರಿದ್ದರು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ನೀರಿನ ಕರದ ಜೊತೆಗೆ ‘ಅಭಿವೃದ್ಧಿ ಕರ’ ಹೇರಿತ್ತು. ಕಾಲುವೆ ಬಂದು ಭೂಮಿಯ ಬೆಲೆ ಏರಿತಲ್ಲ, ಅದರ ಪಾಲು ಕೊಡಿ ಎಂಬ ವಾದ. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ, ನೋಟಿಸು ಮಾತ್ರ ತಪ್ಪದೆ ಮುಟ್ಟಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ಸಿಟ್ಟು ರಾಜ್ಯವಿಡೀ ಹಬ್ಬಿ ರೈತ ಸಂಘಕ್ಕೆ ಕಸುವು ಕೊಟ್ಟಿತು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಸೋತದ್ದಕ್ಕೆ ಕಾರಣ ಪಟ್ಟಿ ಮಾಡುವವರು ಇದನ್ನು ಬಿಡುವುದಿಲ್ಲ. ಜುಲೈ 21 ಇವತ್ತಿಗೂ ರೈತ ಹುತಾತ್ಮ ದಿನ. ಅದೇ ಜಲಾಶಯದ ನೀರು ಕುಡಿಯುವ ಹುಬ್ಬಳ್ಳಿಯಲ್ಲಿ ಅದು ಎಷ್ಟು ಮಂದಿಗೆ ನೆನಪಿದೆಯೋ!

ನವಿಲುತೀರ್ಥದ ಸಾಮರ್ಥ್ಯ 37.73 ಟಿಎಂಸಿ. ತುಂಬಿದ ವರ್ಷಗಳು ಕಡಿಮೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಆಸುಪಾಸಿನಲ್ಲೇ ಕಳಸಾ, ಬಂಡೂರಿ ಹಳ್ಳಗಳು ಮಹದಾಯಿ ಸೇರಿ ಗೋವೆಗೆ ಹರಿಯುತ್ತವೆ. ಅವನ್ನು ಇತ್ತ ತಿರುಗಿಸಿದರೆ ಕೊರತೆ ನೀಗೀತು ಎಂಬ ಯೋಚನೆ ಆ ರೈತ ಬಂಡಾಯದ ಕಾಲದಿಂದ ಗಟ್ಟಿಯಾಯಿತು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 1989ರಲ್ಲಿ, ಗೋವೆಯ ಜೊತೆ ಮಾತುಕತೆ ನಡೆಯಿತು. ಮುಂದೆ ಕರ್ನಾಟಕ ಕೇಳಿದ್ದು 7.56 ಟಿಎಂಸಿ, ಹೇಳಿದ ಕಾರಣ ಅವಳಿ ನಗರ ಮತ್ತು ಸುತ್ತಲ ಊರುಗಳ ಕುಡಿಯುವ ನೀರು. ಹೋರಾಟಕ್ಕೆ ಕೂತವರು ಮಾತ್ರ ನರಗುಂದ, ನವಲಗುಂದದ ರೈತರು. ಪೇಟೆಯ ಬಾಯಾರಿಕೆಯ ಹೆಸರಲ್ಲಿ ಅರ್ಜಿ, ಹಳ್ಳಿಯ ಬೆನ್ನಿನ ಮೇಲೆ ಲಾಠಿ: ಈ ರಾಜಕಾರಣದ ವಿಚಿತ್ರ ಇದೇ. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ಆಯಿತು, 2016ರ ಜುಲೈನಲ್ಲಿ ಕರ್ನಾಟಕದ ಮಧ್ಯಂತರ ಅರ್ಜಿ ಬಿದ್ದುಹೋಯಿತು, ಊರುಗಳು ಹೊತ್ತಿಕೊಂಡವು. 2018ರ ಆಗಸ್ಟ್ 14ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತೆಂದು ಪಟಾಕಿ ಹಾರಿತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. 2022ರ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. ಆ ಮೇಲೆ ಅರಣ್ಯ, ವನ್ಯಜೀವಿ ಅನುಮತಿಗಳ ಸರದಿ.

ದಿಲ್ಲಿಯಲ್ಲಿ ಟಿಎಂಸಿ ಲೆಕ್ಕ ನಡೆಯುವಾಗ ಇತ್ತ ಓಣಿಯಲ್ಲಿ ಬಿಂದಿಗೆಯ ಲೆಕ್ಕ ಬೇರೆಯೇ ಇತ್ತು. ನಾಲ್ಕೈದು ದಿನಕ್ಕೊಮ್ಮೆ ನೀರು, ಬೇಸಿಗೆಯಲ್ಲಿ ಇನ್ನೂ ತಡ. ಬ್ಯಾರಲ್ಲು, ಸಿಂಟೆಕ್ಸು ಇಲ್ಲದ ಮನೆಯಿಲ್ಲ. 2003ರಲ್ಲಿ ನೀರು ಸರಬರಾಜು ಪಾಲಿಕೆಯ ಕೈತಪ್ಪಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಜಲಮಂಡಳಿಗೆ ಹೋಯಿತು. ಓಟು ಕೇಳಲು ಬಂದ ಕಾರ್ಪೊರೇಟರನ್ನು ಬೈದರೆ ‘ಅದು ನಮ್ಮ ಕೈಯಾಗಿಲ್ಲರೀ’ ಎನ್ನುವುದಕ್ಕೆ ಅವರಿಗೊಂದು ದಾರಿಯಾಯಿತು. ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ಪ್ರಯೋಗ ನಡೆಯಿತು. ನಡೆಸಿದ್ದು ಫ್ರಾನ್ಸಿನ ವಿಯೋಲಿಯಾ ಬಳಗ. 2008ರ ಹೊತ್ತಿಗೆ ಆ ವಾರ್ಡುಗಳ ನಳ ನಿಲ್ಲದಾಯಿತು. ಎರಡೇ ವರ್ಷದ ಅಂತರದಲ್ಲಿ, 2010ರ ಜನವರಿಯಲ್ಲಿ, ಪ್ಯಾರಿಸ್ ನಗರವು ಅದೇ ವಿಯೋಲಿಯಾ ಮತ್ತು ಸುಯೆಜ್ ಕೈಯಿಂದ ತನ್ನ ನೀರನ್ನು ಬಿಡಿಸಿಕೊಂಡು ನಗರಾಡಳಿತದ ವಶಕ್ಕೆ ತಂದುಕೊಂಡಿತು.

ಪ್ರಯೋಗ ಸೋತಿತು ಎನ್ನಲಾಗದು. 3,922 ಮನೆಗಳನ್ನು ಹೋಲಿಸಿ ನೋಡಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿರಂತರ ನೀರಿನ ವಾರ್ಡುಗಳಲ್ಲಿ ವಿಷಮಶೀತ ಜ್ವರ ಕಂಡ ಮನೆಗಳು ಶೇ. 42ರಷ್ಟು ಕಡಿಮೆ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ವಿರೋಧಿಸಿದವರ ಪ್ರಶ್ನೆ ಬೇರೆ ಇತ್ತು: ನಾಲ್ಕು ಓಣಿಗೆ ಇಪ್ಪತ್ನಾಲ್ಕು ತಾಸು, ಉಳಿದ ಊರಿಗೆ ವಾರಕ್ಕೊಮ್ಮೆ, ಇದು ಯಾವ ನ್ಯಾಯ? ಮೀಟರು ಬಂದು ಬೀದಿ ನಳ ಹೋದರೆ ಬಾಡಿಗೆ ಕೋಣೆಯವರ ಗತಿಯೇನು? ಎರಡೂ ಮಾತು ನಿಜ.

ಮಳೆ ಕೈಕೊಟ್ಟರೆ ಆ ನಾಲ್ಕು ಓಣಿಗೂ ಉಳಿದ ಊರಿಗೂ ಒಂದೇ. 2016–17ರ ಬರಕ್ಕೆ ನೀರಸಾಗರ ಬತ್ತಿತು, ಅದರ ಪಾಲಿನ ಹೊರೆಯೂ ಮಲಪ್ರಭೆಯ ಮೇಲೆ ಬಿತ್ತು. 2019ರ ಆಗಸ್ಟಿನ ಮಳೆಗೆ ಅದೇ ಜಲಾಶಯ ಕೋಡಿ ಬಿದ್ದು ಜನ ನೋಡಲು ಮುಗಿಬಿದ್ದರು.

ಅಷ್ಟರಲ್ಲಿ ಇಡೀ ಅವಳಿ ನಗರಕ್ಕೆ ನಿರಂತರ ನೀರಿನ ಯೋಜನೆ ತಯಾರಾಗಿತ್ತು. 2016ರಲ್ಲಿ ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು, ಹೊಣೆ ಎಲ್ ಅಂಡ್ ಟಿ ಕಂಪನಿಗೆ ಹೋಯಿತು. ಜಲಮಂಡಳಿಯಿಂದ ಕಂಪನಿಗೆ ಹಸ್ತಾಂತರ ನಡೆದಾಗ ಕೆಲಸ ಕಳೆದುಕೊಂಡ ನೌಕರರು ಧರಣಿ ಕೂತರು. ಯಾವ ಚಾವಿ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಯ ಕೊನೆಯ ಮನೆಗೆ ನೀರು ಹತ್ತುತ್ತದೆ ಎಂಬ ವಾಲ್ವ್‌ಮನ್ನರ ಲೆಕ್ಕ ನಕ್ಷೆಯಲ್ಲಿ ಸಿಗುವಂಥದ್ದಲ್ಲ. ಈ ಬದಲಾವಣೆ ಸಿದ್ಧವಾಗುತ್ತಿದ್ದ ವರ್ಷಗಳಲ್ಲಿ ಪಾಲಿಕೆಯ ಸಭಾಂಗಣ ಖಾಲಿ ಇತ್ತು. 2019ರ ಮಾರ್ಚ್‌ನಲ್ಲಿ ಹಳೆಯ ಸದಸ್ಯರ ಅವಧಿ ಮುಗಿದಿತ್ತು; ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ನಡುವೆ ನೀರಿನ ಬಗ್ಗೆ ಅಮರಗೋಳದವರ ಪರವಾಗಿ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.